ಕ್ಯಾಂಪ್ ವ್ಯಾನಿನ ಬ್ರೇಕು

ಗುಬ್ಬಿ
7 ಜುಲೈ 2025

ಮೋಟಾರು ವಾಹನ ನಿರೀಕ್ಷಕರಾದ ಮಧುಶ್ರೀಯವರಿಗೆ ಗುಬ್ಬಿಯ ಮಹಾಲಿಂಗಯ್ಯ ಎಂಬ ಸಾರ್ವಜನಿಕನ ಆಶೀರ್ವಾದಗಳು.

ಶುಕ್ರವಾರ ತುಮಕೂರಿಗೆ, ನಿನ್ನ ಕಚೇರಿಗೆ ಬಂದಿದ್ದೆ. ಕೌಂಟರಿನ ಮುಂದೆ ಏಜೆಂಟರ ಹಿಂಡೇ ನಿಂತಿತ್ತು. ಅವರೆಲ್ಲರ ಎದುರಿಗೆ ಹೆತ್ತ ಅಪ್ಪನಿಗೆ, "ಏನಿದ್ರೂ ಬರವಣಿಗೇಲಿ ಕೊಡಿ" ಅಂದುಬಿಟ್ಟೆ. ಸರಿ ತಾಯಿ, ಕೊಡುತ್ತಿದ್ದೇನೆ. ಫೋನಿನಲ್ಲಿ ನಮ್ಮಿಬ್ಬರದು ಎರಡು ಮಾತು ಕ್ಷೇಮ ಸಮಾಚಾರ, ಮೂರನೆಯದು ಜಗಳ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ಬಾಯಿ ಹಾಕುವ ಹಾಗಿಲ್ಲ.

ವಿಷಯ ನಮ್ಮ ಕ್ಯಾಂಪ್ ವ್ಯಾನಿನದು. ನಿನಗೆ ಅದರ ಪರಿಚಯ ಬೇಕಾಗಿಲ್ಲ, ಆದರೂ ಅರ್ಜಿ ಅಂದಮೇಲೆ ಬರೆಯಬೇಕು. ಎಪ್ಪತ್ಮೂರನೇ ಇಸವಿಯ ಗಾಡಿ. ನಮ್ಮ ನಾಟಕ ಕಂಪನಿ ಊರಿಂದೂರಿಗೆ ಕ್ಯಾಂಪ್ ಹಾಕುತ್ತಿದ್ದ ಕಾಲದಲ್ಲಿ ನಾಯಕಿ ಪಾತ್ರದವರು ಉಳಿದುಕೊಳ್ಳಲೆಂದು ಯಜಮಾನರು ಕಟ್ಟಿಸಿದ್ದು. ಒಳಗೆ ಮಲಗಲು ಎರಡು ಹಲಗೆ, ಸ್ಟೌ ಇಡುವ ಕಟ್ಟೆ, ಸುತ್ತಲೂ ಬಲ್ಬು ಇರುವ ಕನ್ನಡಿ. ಈಗಿನ ಹುಡುಗರು ಇಂಥದ್ದಕ್ಕೆ ಕ್ಯಾಂಪರ್ ಅನ್ನುತ್ತಾರಂತೆ. ನಾನು ಅದರ ಡ್ರೈವರ್, ನಿಮ್ಮಮ್ಮ ಅದರ ನಾಯಕಿ, ನೀನು ಅದರ ಸೂರಿನ ಕೊಕ್ಕೆಗೆ ಕಟ್ಟಿದ ತೊಟ್ಟಿಲಲ್ಲಿ ಬೆಳೆದವಳು. ಕಂಪನಿ ಮುಚ್ಚಿದ ದಿನ ಯಜಮಾನರು ಕೀಲಿಕೈ ನನ್ನ ಕೈಗಿಟ್ಟು, "ಮಾಲಿಂಗ, ಇದನ್ನ ನಿಲ್ಲಿಸ್ಬೇಡ ಕಣೋ" ಅಂದಿದ್ದರು.

ಸಂಕ್ರಾಂತಿಯಲ್ಲಿ ನಿಮ್ಮಮ್ಮ ಕರಿಬಸಮ್ಮನಿಗೆ ಲಕ್ವ ಹೊಡೆದು, ಕೈಕಾಲು ಅಷ್ಟಿಷ್ಟು ಸರಿಹೋಗಿ, ಮಾತು ಮಾತ್ರ ಹಿಂದಕ್ಕೆ ಬಾರದೆ ಉಳಿದದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು. ಹೋದ ತಿಂಗಳು ಆಸ್ಪತ್ರೆಗೆ ಹೊರಟಾಗ ಆಟೋ ಸಿಗಲಿಲ್ಲ. ಶೆಡ್ಡಿನಿಂದ ವ್ಯಾನು ತೆಗೆದು ಅವಳನ್ನು ಹಿಂದಿನ ಹಲಗೆಯ ಮೇಲೆ ಕೂರಿಸಿದೆ. ಕೆರೆ ದಾಟಿ ಒಂದು ಹಂಪಿನ ಹತ್ತಿರ ಬ್ರೇಕ್ ತುಳಿದೆ. ಅದು ಎಂದಿನಂತೆ ಕಿರ್ರೋ ಎಂದು ರಾಗ ಎಳೆಯಿತು. ಹಿಂದಿನಿಂದ ದನಿ ಬಂತು: "ಯಾವೂರು ಬಂತು?"

ಗಾಡಿಯನ್ನು ಅಲ್ಲೇ ಪಕ್ಕಕ್ಕೆ ಹಾಕಿದೆ ಮಗಳೇ. ಕ್ಯಾಂಪ್ ಬದಲಾಯಿಸುವಾಗ ಪ್ರತಿ ಸಲ ನಿದ್ದೆಯಿಂದ ಎದ್ದು ಅವಳು ಕೇಳುತ್ತಿದ್ದ ಮಾತು ಅದೇ. ಅವತ್ತಿನಿಂದ ದಿನಾ ಸಂಜೆ ಸಿ.ಎಸ್. ಪುರದ ರಸ್ತೆಯಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ. ವ್ಯಾನಿನಲ್ಲಿ ಮಾತಾಡುತ್ತಾಳೆ. ಮನೆಯ ಬಾಗಿಲಲ್ಲಿ ಇಳಿಸಿದರೆ ಬಾಯಿಗೆ ಬೀಗ.

ಈಗ ಕಷ್ಟ ಏನೆಂದರೆ ಆರ್.ಸಿ. ಅವಧಿ ಎಂದೋ ಮುಗಿದಿದೆ. ಮೊನ್ನೆ ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿದ. "ತಾತ, ಇನ್ನೊಂದ್ಸಲ ಸಿಕ್ರೆ ಗಾಡಿ ಸೀಜ್ ಮಾಡ್ತೀವಿ. ಆಮೇಲೆ ಗುಜರೀಗೇ ಹೋಗೋದು" ಅಂದ. ಗಾಡಿ ಹೋದರೆ ಅವಳ ಮಾತೂ ಹೋಯಿತು. ಆದಕಾರಣ ಬೇಗ ಒಂದು ದಾರಿ ಮಾಡಿಕೊಡಬೇಕೆಂದು ಕೋರಿಕೆ.

ಇಂತಿ ಅರ್ಜಿದಾರ, ನಿನ್ನ ಅಪ್ಪನೂ ಹೌದು,
ಮಹಾಲಿಂಗಯ್ಯ


ತುಮಕೂರು
15 ಜುಲೈ 2025

ಅಪ್ಪಾ,

ಅರ್ಜಿ ತಲುಪಿತು. ಅವತ್ತಿನ ಮಾತು ನಿಮಗೆ ಚುಚ್ಚಿದೆ, ಗೊತ್ತು. ಇನ್ಸ್‌ಪೆಕ್ಟರ್ ಮೇಡಂ ಅಪ್ಪನ ಗಾಡಿಯನ್ನು ಹೇಗೆ ಪಾಸು ಮಾಡುತ್ತಾಳೆ ನೋಡೋಣ ಎಂದು ಆ ಏಜೆಂಟರೆಲ್ಲ ಕಾಯುತ್ತಿದ್ದರು. ನಿಮ್ಮ ಫೈಲನ್ನು ನಾನು ಮುಟ್ಟುವುದಿಲ್ಲ. ಮಾಲೀಕರು ನನ್ನ ತಂದೆ ಎಂದು ಮೇಲಿನವರಿಗೆ ತಿಳಿಸಿದ್ದೇನೆ. ಸೋಮಶೇಖರ್ ಎಂಬ ಇನ್ನೊಬ್ಬ ನಿರೀಕ್ಷಕರು ನೋಡುತ್ತಾರೆ. ದಾರಿ ಮಾತ್ರ ನಾನು ಹೇಳಬಲ್ಲೆ.

ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಸಮಿತಿಯವರು ಬಂದು ನೋಡುತ್ತಾರೆ. ಚಾಸಿ, ಬಾಡಿ, ಎಂಜಿನ್ ಹುಟ್ಟಿದ ಹಾಗೇ ಇರಬೇಕು. ಒಪ್ಪಿದರೆ ಹತ್ತು ವರ್ಷ ನಿಶ್ಚಿಂತೆ. ಆದರೆ ಅಂಥ ಗಾಡಿಯನ್ನು ದಿನಾ ರಸ್ತೆಗೆ ತರುವ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸುವುದಕ್ಕೆ, ರಿಪೇರಿಗೆ, ಅಷ್ಟೆ. ಅದು ಬೇಡವೆಂದರೆ ಮಾಮೂಲಿ ಗಾಡಿಯಂತೆ ಆರ್.ಸಿ. ನವೀಕರಿಸಬೇಕು. ಆಗ ದಿನಾ ಓಡಿಸಬಹುದು. ಆದರೆ ತೆರಿಗೆ, ಅದರ ಮೇಲೆ ಹಳೇ ಗಾಡಿಯ ಹಸಿರು ತೆರಿಗೆ ಕಟ್ಟಬೇಕು, ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ತರಬೇಕು. ಈಗಿರುವ ಬ್ರೇಕಿನಲ್ಲಿ ಅದು ತಪಾಸಣೆ ದಾಟುವುದಿಲ್ಲ. ನಾಲ್ಕು ಚಕ್ರಕ್ಕೂ ಒಂದೇ ಲೈನು. ಎಲ್ಲೋ ಒಂದು ಕಡೆ ಎಣ್ಣೆ ಸೋರಿದರೆ ನಾಲ್ಕೂ ಒಟ್ಟಿಗೆ ಕೈಕೊಡುತ್ತವೆ.

ಅಮ್ಮ ಏನೇನು ಮಾತಾಡುತ್ತಾಳೆ, ಬರೆಯಿರಿ. ಒಂದು ತೀರ್ಮಾನವಾಗುವವರೆಗೆ ಅವಳನ್ನು ಅದರಲ್ಲಿ ಕೂರಿಸಬೇಡಿ. ಇದು ಇನ್ಸ್‌ಪೆಕ್ಟರ್ ಹೇಳುತ್ತಿರುವುದಲ್ಲ.

ನಿಮ್ಮ
ಮಧು


ಗುಬ್ಬಿ
21 ಜುಲೈ 2025

ಮಧೂ,

ವಿಂಟೇಜ್! ಅದೇ ಇರಲಿ. ಮಾಮೂಲಿ ದಾರಿಯಲ್ಲಿ ಕ್ಯಾಂಪರಿನ ಒಳಗಿನ ನೆಲ ಅಳೆದು ತೆರಿಗೆ ಹಾಕುತ್ತಾರಂತೆ, ಪಕ್ಕದ ಬೀದಿಯ ವಕೀಲರು ಹೇಳಿದರು. ಮನೆ ಕಂದಾಯಕ್ಕೂ ಇದಕ್ಕೂ ಏನು ವ್ಯತ್ಯಾಸ? ನಿಮ್ಮ ಕಾನೂನಿನಲ್ಲಿ ಪೆಟ್ರೋಲ್ ಹಾಕಿಸಲು ಹೋಗಬಹುದು ಎಂದಿದೆಯಲ್ಲ, ನಾನು ದಿನಾ ಸಂಜೆ ಪೆಟ್ರೋಲ್ ಹಾಕಿಸಲು ಹೋಗುತ್ತೇನೆ. ಹೋಗುವಾಗ ಒಂದು ಲೀಟರು, ಬರುವಾಗ ಒಂದು ಲೀಟರು. ಸಿ.ಎಸ್. ಪುರದ ಬಂಕಿನವನ ಪೆಟ್ರೋಲೇ ನಮ್ಮ ಗಾಡಿಗೆ ಒಗ್ಗುವುದು ಅಂದರೆ ಯಾರು ತಾನೇ ಏನು ಮಾಡುತ್ತಾರೆ? ರಂಗೋಲಿ ಕೆಳಗೆ ನುಸುಳುವುದನ್ನು ನಾಟಕ ಕಂಪನಿಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬ್ರೇಕಿನ ವಿಷಯ ನನಗೆ ಹೇಳಬೇಡ. ಆ ಪೆಡಲನ್ನು ತುಳಿದು ತುಳಿದು ನನ್ನ ಬಲಗಾಲೇ ಸೊಟ್ಟಗಾಗಿದೆ.

ಅಮ್ಮ ಏನು ಮಾತಾಡುತ್ತಾಳೆ ಅಂದೆಯಲ್ಲ. ಮೊನ್ನೆ, ಸತ್ತು ಎಷ್ಟೋ ಕಾಲವಾದ ಹಾರ್ಮೋನಿಯಂ ಶಿವರಾಮಯ್ಯನನ್ನು, "ಶ್ರುತಿ ಹಿಡ್ಕೊಳಯ್ಯ, ನನ್ ಹಿಂದೆ ಓಡಿ ಬರ್ಬೇಡ" ಅಂತ ಗದರಿದಳು. ನಿನ್ನೆ, "ಇವತ್ತು ಕಲೆಕ್ಷನ್ ಹೆಂಗೈತೆ?" ಅಂದಳು. ಹೌಸ್‌ಫುಲ್ ಅಂದೆ. ನಕ್ಕಳು. ನಿನ್ನ ಹೆಸರು ಇನ್ನೂ ಹೇಳಿಲ್ಲ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು.

ಸಮಿತಿಯವರಿಗೆ ಅರ್ಜಿ ಹಾಕಿಸು.

ಅಪ್ಪ


ತುಮಕೂರು
12 ಆಗಸ್ಟ್ 2025

ಅಪ್ಪಾ,

ಯಡಿಯೂರು. ಈ ಒಂದು ಹೆಸರು ಬರೆದರೆ ಸಾಕಲ್ಲ?

ಶನಿವಾರ ಅಮ್ಮನನ್ನು ಸಿದ್ಧಲಿಂಗೇಶ್ವರನ ದರ್ಶನಕ್ಕೆಂದು ಕರೆದುಕೊಂಡು ಹೋದಿರಿ. ಬರುವಾಗ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿತು. ಪೆಡಲು ನೆಲಕ್ಕೆ ಹತ್ತಿ ಹಾಗೇ ಉಳಿಯಿತು. ರಸ್ತೆ ಪಕ್ಕದಲ್ಲಿ ಯಾರೋ ತೆಂಗಿನ ಮಟ್ಟೆ ರಾಶಿ ಹಾಕಿದ್ದರು, ಅದಕ್ಕೆ ನುಗ್ಗಿಸಿ ನಿಲ್ಲಿಸಿದಿರಿ. ರಾಶಿಯ ಆಚೆ ಟೀ ಅಂಗಡಿ ಇತ್ತು. ಅಕ್ರಂ ಚಾಚಾ ಕುಣಿಗಲ್ಲಿನಿಂದ ಬಂದು ಗಾಡಿಯನ್ನು ತಮ್ಮ ಗ್ಯಾರೇಜಿಗೆ ಎಳೆದುಕೊಂಡು ಹೋದರು. ಇಷ್ಟೂ ನನಗೆ ಗೊತ್ತಾದದ್ದು ಅವರ ಫೋನಿನಿಂದ. ನೀವು ಒಂದು ಸಾಲು ಬರೆಯಲಿಲ್ಲ.

ಅಪಘಾತವಾದ ಗಾಡಿಗಳನ್ನು ನೋಡಿ ವರದಿ ಕೊಡುವುದೂ ನನ್ನದೇ ಕೆಲಸ. ಪೊಲೀಸ್ ಸ್ಟೇಷನ್ನಿನ ಹಿಂದೆ ನಿಲ್ಲಿಸಿರುತ್ತಾರೆ. ಒಳಗೆ ಬಗ್ಗಿ ಬ್ರೇಕ್ ತುಳಿದು ನೋಡಬೇಕು. ಸೀಟಿನ ಕೆಳಗೆ ಚಪ್ಪಲಿ ಬಿದ್ದಿರುತ್ತದೆ, ಟಿಫನ್ ಡಬ್ಬಿ ಬಿದ್ದಿರುತ್ತದೆ, ಕೆಲವು ಸಲ ಮುಚ್ಚಳ ಕೂಡ ತೆರೆದಿರುವುದಿಲ್ಲ. ಅಂಥ ಒಂದು ಗಾಡಿಯಲ್ಲಿ ಅಮ್ಮನ ಚಪ್ಪಲಿ ನೋಡಲು ನನ್ನಿಂದ ಆಗುವುದಿಲ್ಲ. ಅಷ್ಟೇ ನನ್ನ ಮಾತು.

ಅವಳನ್ನು ಕೂರಿಸಿಕೊಂಡು ಆ ವ್ಯಾನು ಇನ್ನೊಮ್ಮೆ ರಸ್ತೆಗೆ ಬಂದರೆ, ಅಡ್ಡ ನಿಂತು ಸೀಜ್ ಮಾಡುವವಳು ನಾನೇ. ಆಗ ಎಲ್ಲರ ಎದುರಿಗೆ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಮಧುಶ್ರೀ


ಕುಣಿಗಲ್
18 ಆಗಸ್ಟ್ 2025

ಮಾಲಿಂಗಣ್ಣನಿಗೆ ನಿನ್ನ ಅಕ್ರಂ ಪಾಷಾನ ಸಲಾಂ. ಅಕ್ಷರ ನನ್ನ ಸೊಸೆ ಅರ್ಜೂದು, ಮಾತು ನನ್ನದು.

ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮಧುಗೆ ಹೇಳಿದ್ದು ನಾನೇ. ಬೈಯುವುದಿದ್ದರೆ ಇಲ್ಲಿಗೆ ಬಂದು ಬೈ, ಟೀ ಕುಡಿಸಿ ಕಳಿಸುತ್ತೇನೆ. ಇಷ್ಟು ವರ್ಷ ಆ ಗಾಡಿಯ ಕೆಲಸ ಮಾಡಿದ್ದೇನೆ, ನೀನು ಹೇಳಿದ ಹಾಗೆ ಹಳೇ ಪೈಪಿಗೆ ತೇಪೆ ಹಾಕಿಯೇ ಕಳಿಸಿದ್ದೇನೆ. ಇನ್ನು ಹಾಕುವುದಿಲ್ಲ. ಪೈಪೆಲ್ಲ ಒಳಗೊಳಗೇ ತುಕ್ಕು ತಿಂದಿದೆ. ಅತ್ತಿಗೆಯನ್ನು ಆ ಮಟ್ಟೆ ರಾಶಿಯಿಂದ ಇಳಿಸಿಕೊಂಡವನು ನಾನು. ಅವರು ನಗುತ್ತಿದ್ದರು ಅಂತ ನೀನು ಎಲ್ಲರಿಗೂ ಹೇಳುತ್ತಿದ್ದೀಯಂತೆ. ಇಳಿಸಿದ ಮೇಲೆ ನಾನು ಟೀ ಅಂಗಡಿಯಲ್ಲಿ ಒಂದು ಚೊಂಬು ನೀರು ಕುಡಿದೆ ಅನ್ನುವುದನ್ನೂ ಹೇಳು.

ಎರಡು ಲೈನಿನ ಬ್ರೇಕ್ ಕೂರಿಸಬಹುದು. ಆದರೆ ಅದರ ಎಣ್ಣೆ ಡಬ್ಬ ದೊಡ್ಡದು, ಚಾಸಿಗೆ ಒಂದು ಪಟ್ಟಿ ವೆಲ್ಡ್ ಮಾಡಲೇಬೇಕು. ಮಾಡಿದರೆ ಗಾಡಿ ಹುಟ್ಟಿದ ಹಾಗೆ ಉಳಿಯುವುದಿಲ್ಲ, ನಿನ್ನ ವಿಂಟೇಜ್ ಹೋದಂತೆ. ಯಾವುದು ಬೇಕು ಅಂತ ನೀನು ಬಾಯಿಬಿಟ್ಟು ಹೇಳುವವರೆಗೆ ನಾನು ಸ್ಪ್ಯಾನರ್ ಮುಟ್ಟುವುದಿಲ್ಲ.

ಇನ್ನೊಂದು ಮಾತಿದೆ, ಕೂತುಕೊಂಡು ಓದು. ಯಾವ ದಾರಿಗಾದರೂ ಚಾಸಿ ನಂಬರಿನ ಅಚ್ಚು ಕೊಡಬೇಕು. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದೆ. ಏನೂ ಬೀಳಲಿಲ್ಲ. ಬಣ್ಣ ಒರೆಸಿ ಇನ್ನೊಂದು ಸಲ ತಿಕ್ಕಿದೆ. ಬರೀ ತುಕ್ಕಿನ ಗುಳಿ. ಅಣ್ಣ, ಅದು ಯಾವ ಜಾಗ ಅಂತ ನಿನಗೆ ಗೊತ್ತಲ್ಲ? ಮುಂದಿನ ಚಕ್ರದ ಹಿಂದೆ, ಪ್ರತಿ ಆಯುಧಪೂಜೆಗೂ ನೀವು ತೆಂಗಿನಕಾಯಿ ಒಡೆಯುತ್ತಿದ್ದ ಜಾಗ. ಅಲ್ಲೇ ನಿಂತು ಚೂರು ಕೊಬ್ಬರಿ ತಿಂದವನು ನಾನೂ ಒಬ್ಬ. ಯಾರಿಗೂ ಹೊಳೆಯಲಿಲ್ಲ.

ನಿನ್ನ
ಅಕ್ರಂ


ಗುಬ್ಬಿ
28 ಆಗಸ್ಟ್ 2025

ಮಧೂ,

ಪಾಷಾನ ಕಾಗದ ಬಂದಿದೆ, ನಿನಗೂ ಹೇಳಿರುತ್ತಾನೆ.

ಯಜಮಾನರ ಕಾಲದಿಂದ ನಡೆದುಬಂದ ಪದ್ಧತಿ. ರಂಗಸ್ಥಳಕ್ಕೆ ಪೂಜೆ ಆದಮೇಲೆ ವ್ಯಾನಿಗೆ. "ನಂಬರ್ ಇರೋ ಕಡೆ ಗಾಡಿ ಜೀವ ಐತೆ, ಅಲ್ಲೇ ಒಡೀರ್ಲಾ" ಅನ್ನುತ್ತಿದ್ದರು. ಕಾಯಿ ನೀರು ಅದರ ಮೇಲೆ ಹರಿಯಬೇಕು, ಮೇಲೆ ವಿಭೂತಿ, ಕುಂಕುಮ. ಒರೆಸುವ ಹಾಗಿಲ್ಲ, ಒರೆಸಿದರೆ ಅಪಶಕುನ. ಮರುವರ್ಷ ಅದರ ಮೇಲೇ ಇನ್ನೊಂದು ಕಾಯಿ. ದೇವರೆಂದು ನೀರು ಹೊಯ್ದೆವು, ಅದೇ ನೀರು ತಿಂದುಹಾಕಿತು. ಈಗ ಕಾಗದದ ಮೇಲೆ ಅದು ಯಾರ ಗಾಡಿಯೂ ಅಲ್ಲ. ಕದ್ದ ಮಾಲಿಗೂ ಅದಕ್ಕೂ ವ್ಯತ್ಯಾಸವಿಲ್ಲ ಎಂದು ವಕೀಲರು ಹೆದರಿಸುತ್ತಿದ್ದಾರೆ.

ವ್ಯಾನು ಕುಣಿಗಲ್ಲಿಗೆ ಹೋದಮೇಲೆ ನಿಮ್ಮಮ್ಮ ಒಂದು ಮಾತೂ ಆಡಿಲ್ಲ. ಸಂಜೆಯಾದರೆ ಶೆಡ್ಡಿನ ಕಡೆ ನೋಡಿಕೊಂಡು ಕೂರುತ್ತಾಳೆ. ಹೀಗೇ ಬಿಟ್ಟರೆ ಬಂದ ಮಾತೂ ಮರೆತುಹೋಗಬಹುದು ಎಂದರು ಡಾಕ್ಟರು. ಕಾರಿನಲ್ಲಿ ಕರೆದುಕೊಂಡು ಹೋಗಿ ನೋಡಿದೆ, ಬಸ್ಸು ಹತ್ತಿಸಿ ನೋಡಿದೆ. ಊಹೂಂ. ಈಗ ತಿಳಿಯಿತಾ, ಬ್ರೇಕು ಬದಲಾಯಿಸಲು ನಾನು ಯಾಕೆ ಒಪ್ಪುತ್ತಿಲ್ಲ ಅಂತ? ಆ ಕಿರ್ರೋ ಸದ್ದು ಕೇಳಿಯೇ ಅವಳಿಗೆ ಊರು ಬಂತು ಎನ್ನಿಸಿದ್ದು. ಹೊಸ ಬ್ರೇಕು ಸದ್ದು ಮಾಡುವುದಿಲ್ಲವಂತೆ. ಹುಲಿಯ ಬಾಲ ಹಿಡಿದಿದ್ದೇನೆ ಮಗಳೇ, ಬಿಟ್ಟರೂ ಕಷ್ಟ, ಹಿಡಿದರೂ ಕಷ್ಟ. ನನಗೆ ಭಯವಾಗುತ್ತಿದೆ.

ಕೋರ ಊರಿನ ಹತ್ತಿರ ಒಬ್ಬ ಇದ್ದಾನಂತೆ. ಚಾಸಿಯನ್ನು ಉಜ್ಜಿ, ಆರ್.ಸಿ.ಯಲ್ಲಿರುವ ನಂಬರನ್ನೇ ಮತ್ತೆ ಅಚ್ಚೊತ್ತಿ ಕೊಡುತ್ತಾನೆ. ಕಳ್ಳತನವೇನೂ ಅಲ್ಲವಲ್ಲ, ನಮ್ಮದೇ ಗಾಡಿ, ನಮ್ಮದೇ ನಂಬರು. ಸೋಮವಾರ ಗಾಡಿಯನ್ನು ಅಲ್ಲಿಗೆ ಕಳಿಸುತ್ತಿದ್ದೇನೆ.

ಅಪ್ಪ


ತುಮಕೂರು
30 ಆಗಸ್ಟ್ 2025
(ಸಿ.ಎಸ್. ಪುರದ ಬಸ್ಸಿನ ಕಂಡಕ್ಟರ್ ಚನ್ನಬಸವಯ್ಯನವರ ಕೈಯಲ್ಲಿ)

ಅಪ್ಪಾ,

ಗಾಡಿ ಕಳಿಸಬೇಡಿ. ನಂಬರನ್ನು ಯಾರೂ ಮುಟ್ಟಬಾರದು. ಉಪ್ಪುಕಾಗದ ಬೇಡ, ಹುಣಸೆಹಣ್ಣು ಬೇಡ, ಸೀಮೆಎಣ್ಣೆ ಬಟ್ಟೆಯೂ ಬೇಡ. ಈಗ ಇರುವುದು ತುಕ್ಕು. ಅವನು ಒಂದು ಸಲ ಉಜ್ಜಿದರೆ ಅದು ಅಪರಾಧ. ಮೊದಲು ಹೋಗುವುದು ಗಾಡಿ, ಆಮೇಲೆ ಠಾಣೆಗೆ ನೀವು, ಆಮೇಲೆ ನನ್ನ ಕೆಲಸ. ಮೂರೂ ಹೋದಮೇಲೆ ಅಮ್ಮನನ್ನು ನೋಡಿಕೊಳ್ಳುವವರು ಯಾರು?

ಸರಿಯಾದ ದಾರಿ ಇದೆ. ನಂಬರು ಓದಲು ಆಗುತ್ತಿಲ್ಲ ಎಂದು ನೀವೇ ಅರ್ಜಿ ಕೊಡಿ. ಗಾಡಿಯನ್ನು ಎಳೆಸಿಕೊಂಡು ಬಂದು ಕಚೇರಿಯ ಅಂಗಳದಲ್ಲಿ ನಿಲ್ಲಿಸುತ್ತಾರೆ. ವಿಧಿವಿಜ್ಞಾನ ಪ್ರಯೋಗಾಲಯದವರು ಬಂದು ಔಷಧ ಹಾಕಿ ನೋಡುತ್ತಾರೆ. ಅಂಕಿಯನ್ನು ಒತ್ತಿದಾಗ ಕಬ್ಬಿಣದ ಆಳದಲ್ಲೂ ಗಾಯವಾಗಿರುತ್ತದೆ, ಮೇಲಿನದು ಅಳಿಸಿದರೂ ಒಳಗಿನದು ಕೆಲವು ಸಲ ಉಳಿದಿರುತ್ತದೆ. ಕೆಲವು ಸಲ ಅಷ್ಟೆ. ಉಳಿದಿಲ್ಲದಿದ್ದರೆ ಗಾಡಿ ಗುಜರಿಗೆ ಹೋಗಬಹುದು. ಮುಚ್ಚಿಟ್ಟು ಹೇಳುವುದು ನನಗೆ ಬರುವುದಿಲ್ಲ.

ಇನ್ನೊಂದು ಮಾತು ಬರೆಯುತ್ತೇನೆ, ಎದುರಿಗಿದ್ದರೆ ಆಡಲು ಆಗುತ್ತಿರಲಿಲ್ಲ. ನಾನು ಮನೆಗೆ ಬರುವುದು ಯಾಕೆ ಬಿಟ್ಟೆ ಎಂದು ನೀವು ಕೇಳಲಿಲ್ಲ. ಸಂಕ್ರಾಂತಿಯಾದ ಮೇಲೆ ಪ್ರತಿ ಭಾನುವಾರ ಬಂದು ಅಮ್ಮನ ಮುಂದೆ ಕೂತೆ. ತಲೆ ಬಾಚಿದೆ, ಅನ್ನ ಕಲಸಿ ತಿನ್ನಿಸಿದೆ, ಹಳೇ ನಾಟಕದ ಮಾತು ನೆನಪು ಮಾಡಿದೆ. ಅವಳು ಗೋಡೆ ಕಡೆ ತಿರುಗಿದಳು, ನಾನು ಬರುವುದು ಬಿಟ್ಟೆ. ಆಮೇಲೆ ನಿಮ್ಮ ಕಾಗದ ಬಂತು, ವ್ಯಾನಿನಲ್ಲಿ ಮಾತಾಡುತ್ತಾಳೆ ಅಂತ. ನಾನು ಆ ವ್ಯಾನಿನಿಂದ ಇಳಿದು ಹಾಸ್ಟೆಲ್ ಸೇರಿದವಳು. ಅದಕ್ಕೆ ಇರುವ ಜಾಗ ನನಗಿಲ್ಲ ಎಂದು ಹೊಟ್ಟೆ ಉರಿಯಿತು. ಹೌದು, ಒಂದು ತಗಡಿನ ಗಾಡಿಯ ಮೇಲೆ ಹೊಟ್ಟೆ ಉರಿಯಿತು.

ಆದರೂ ಅದನ್ನು ಉಳಿಸಿ. ಉಜ್ಜಿಸಬೇಡಿ. ಈ ಕಾಗದ ಕೈಸೇರಿದ ಕೂಡಲೇ ಚನ್ನಬಸವಯ್ಯನವರ ಹತ್ತಿರ ಹ್ಞೂಂ ಅಂತ ಒಂದು ಮಾತು ಹೇಳಿ ಕಳಿಸಿ. ಅವರು ಬರುವವರೆಗೆ ನಾನು ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ.

ಮಧು


ಗುಬ್ಬಿ
3 ಅಕ್ಟೋಬರ್ 2025

ಮಧೂ,

ಅವತ್ತು ಹ್ಞೂಂ ಅಂದೆ. ಅದಾದಮೇಲೆ ಏನು ಬರೆಯಬೇಕೋ ತಿಳಿಯಲಿಲ್ಲ. ನೀನು ಹಾಗೆ ಬರೆಯುತ್ತೀಯ ಎಂದು ಅಂದುಕೊಂಡಿರಲಿಲ್ಲ. ನಿನ್ನ ಕಾಗದವನ್ನು ನಿಮ್ಮಮ್ಮನಿಗೆ ಓದಿದೆ. ಬೈಯಬೇಡ. ಮಾತಾಡಲಿಲ್ಲ, ಆದರೆ ಓದಿ ಮುಗಿಸುವವರೆಗೆ ಗೋಡೆ ಕಡೆ ತಿರುಗಲಿಲ್ಲ.

ಮೊನ್ನೆ ಆಯುಧಪೂಜೆ. ಪಕ್ಕದ ಮನೆ ದಾಕ್ಷಾಯಣಿಯನ್ನು ಅಮ್ಮನ ಹತ್ತಿರ ಕೂರಿಸಿ ನಿಮ್ಮ ಕಚೇರಿ ಅಂಗಳಕ್ಕೆ ಬಂದಿದ್ದೆ. ಜಪ್ತಿಯಾದ ಲಾರಿಗಳ ನಡುವೆ ನಮ್ಮ ವ್ಯಾನು ನಿಂತಿತ್ತು. ಕುಣಿಗಲ್ಲಿನಿಂದ ಪಾಷಾನೂ ಬಂದಿದ್ದ. ಕೈಯಲ್ಲಿ ಕಾಯಿ ಹಿಡಿದು ಮುಂದೆ ಹೋದೆ, "ಚಾಸಿ ಹತ್ರ ಹೋದ್ರೆ ಕೈ ಮುರೀತೀನಿ ಅಣ್ಣ" ಅಂತ ಅಡ್ಡ ಬಂದ. ದೂರದಲ್ಲಿ ಒಂದು ಕಲ್ಲಿನ ಮೇಲೆ ಒಡೆದೆ. ಗಾಜಿಗೆ ಒಂದು ಬೊಟ್ಟು ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು, ಅಷ್ಟೇ ಪೂಜೆ. ಹುಟ್ಟಿದ ಮೇಲೆ ಮೊದಲ ಸಲ ಆ ಗಾಡಿ ಆಯುಧಪೂಜೆಯ ದಿನ ಒಣಗಿಕೊಂಡಿತ್ತು.

ಪ್ರಯೋಗಾಲಯದವರು ಯಾವಾಗ ಬರುತ್ತಾರೆ? ರಾತ್ರಿ ನಿದ್ದೆ ಹತ್ತುವುದಿಲ್ಲ. ನಿಮ್ಮಮ್ಮ ಈಗ ಶೆಡ್ಡಿನ ಕಡೆ ನೋಡುವುದನ್ನೂ ಬಿಟ್ಟಿದ್ದಾಳೆ.

ಅಪ್ಪ


ತುಮಕೂರು
10 ನವೆಂಬರ್ 2025

ಅಪ್ಪಾ,

ನಂಬರು ಸಿಕ್ಕಿತು. ಮೊದಲು ಅದನ್ನು ಓದಿ ಸಮಾಧಾನ ಮಾಡಿಕೊಳ್ಳಿ.

ಬೆಳಿಗ್ಗೆ ಪ್ರಯೋಗಾಲಯದ ಇಬ್ಬರು ಬಂದರು. ನಾನು ಹತ್ತಿರ ಹೋಗುವ ಹಾಗಿರಲಿಲ್ಲ, ಕಿಟಕಿಯಿಂದ ನೋಡಿದೆ. ವಿಭೂತಿ, ಕುಂಕುಮ, ಬಣ್ಣ ಎಲ್ಲ ಪದರ ಪದರವಾಗಿ ಬಿಡಿಸಿದರು. ಹತ್ತಿಯಲ್ಲಿ ಔಷಧ ಅದ್ದಿ ಒರೆಸಿದರು, ಕಾದರು, ಮತ್ತೆ ಒರೆಸಿದರು. ಊಟದ ಹೊತ್ತಾದರೂ ಏನೂ ಇಲ್ಲ. ಸೋಮಶೇಖರ್ ಸರ್ ಒಳಗೆ ಬಂದು ನನ್ನ ಮುಖ ನೋಡದೆ ನೀರು ಕುಡಿದು ಹೋದರು. ಆಗಲೇ ನಾನು ಮನಸ್ಸಿನಲ್ಲಿ ನಿಮಗೆ ಇನ್ನೊಂದು ಕಾಗದ ಬರೆಯಲು ಶುರುಮಾಡಿದ್ದೆ. ಮಧ್ಯಾಹ್ನ ಯಾರೋ ಕ್ಯಾಮೆರಾ ತರಲು ಕೂಗಿದರು. ಅಂಕಿಗಳು ಮಸುಕಾಗಿ ಎದ್ದವಂತೆ, ಫೋಟೋ ತೆಗೆಯುವಷ್ಟು ಹೊತ್ತು ನಿಂತವಂತೆ. ಆರ್.ಸಿ.ಯಲ್ಲಿ ಇರುವುದೇ. ಇನ್ನು ಅಧಿಕಾರಿಗಳ ಎದುರಿಗೆ ಕ್ರಮವಾಗಿ ಮತ್ತೆ ಅಚ್ಚೊತ್ತಲು ಅನುಮತಿ ಸಿಗುತ್ತದೆ. ಗಾಡಿ ನಿಮ್ಮದೇ.

ವಿಂಟೇಜ್ ಸಮಿತಿಯವರೂ ಬಂದು ನೋಡಿದರು. ಒಳಗಿನ ಕನ್ನಡಿ, ಹಲಗೆ, ತೊಟ್ಟಿಲ ಕೊಕ್ಕೆ ನೋಡಿ ಮನಸೋತಿದ್ದಾರೆ. ಹೀಗೇ ಇದ್ದರೆ ಒಪ್ಪಿಗೆ ಖಂಡಿತ ಎಂದರಂತೆ. ಆದ್ದರಿಂದ ಈಗ ಎರಡು ದಾರಿಯೂ ತೆರೆದಿದೆ. ಇದ್ದ ಹಾಗೇ ಇಟ್ಟು ನಿಲ್ಲಿಸಿಕೊಳ್ಳಬಹುದು. ಅಥವಾ ಕಾನೂನಿನಂತೆ ಅನುಮತಿ ಪಡೆದು ಬ್ರೇಕ್ ಬದಲಾಯಿಸಿ ಓಡಿಸಬಹುದು. ಒಮ್ಮೆ ವೆಲ್ಡ್ ಮಾಡಿದರೆ ವಿಂಟೇಜ್ ಮತ್ತೆ ಸಿಗುವುದಿಲ್ಲ. ಪೆಟ್ರೋಲ್ ಹಾಕಿಸುವ ನಾಟಕ ಆಡಬೇಡಿ.

ಯಾವುದು ಎಂದು ನಾನು ಹೇಳುವುದಿಲ್ಲ. ಸದ್ದು ಹೋದರೆ ಅಮ್ಮನ ಮಾತು ಹೋಗುತ್ತದೋ ಏನೋ, ನನಗೂ ಗೊತ್ತಿಲ್ಲ.

ಮಧು


ಗುಬ್ಬಿ
16 ನವೆಂಬರ್ 2025

ಮಧೂ,

ನಿನ್ನ ಕಾಗದ ಓದಿ ದೇವರ ಮುಂದೆ ದೀಪ ಹಚ್ಚಿದೆ. ಆಮೇಲೆ ನಾಲ್ಕು ದಿನ ಒದ್ದಾಡಿದೆ.

ವಿಂಟೇಜ್ ಅಂದರೆ ಮರ್ಯಾದೆ. ಯಜಮಾನರ ಹೆಸರು ಉಳಿಯುತ್ತದೆ, ಜನ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ನಿಮ್ಮಮ್ಮನನ್ನು ಕೂರಿಸಿದರೆ ಯಾವ ಊರು ಬರುತ್ತದೆ? ಹಳೇ ಬ್ರೇಕಿನಲ್ಲಿ ಓಡಿಸಿದರೆ ಅವಳು ಮಾತಾಡುತ್ತಾಳೆ, ಎಲ್ಲೋ ಒಂದು ಇಳಿಜಾರಿನಲ್ಲಿ ಅದೇ ಕೊನೆಯ ಮಾತಾಗುತ್ತದೆ. ಮಟ್ಟೆ ರಾಶಿ ಎಲ್ಲ ಕಡೆ ಇರುವುದಿಲ್ಲ. ಅವಳು ಅವತ್ತು ನಕ್ಕಳು ಎಂದು ನಾನೂ ನಗುತ್ತಾ ಹೇಳಿಕೊಂಡು ಓಡಾಡಿದೆ. ನಿಜ ಹೇಳುತ್ತೇನೆ, ಪೆಡಲು ನೆಲಕ್ಕೆ ಹತ್ತಿದಾಗ ನಾನು ಕೂಗಿದ್ದು ನಿನ್ನ ಹೆಸರು.

ಯಜಮಾನರು ನಿಲ್ಲಿಸಬೇಡ ಅಂದಿದ್ದರು. ಬದಲಾಯಿಸಬೇಡ ಅಂದಿರಲಿಲ್ಲ. ವೆಲ್ಡ್ ಮಾಡು ಎಂದು ಪಾಷಾನಿಗೆ ಹೇಳಿದ್ದೇನೆ. ಅನುಮತಿಯ ಕಾಗದ ಕೈಗೆ ಬಂದ ದಿನವೇ ಶುರುಮಾಡುತ್ತಾನೆ. ನೆಲ ಅಳೆದು ಅದೇನು ತೆರಿಗೆ ಹಾಕುತ್ತಾರೋ ಹಾಕಲಿ.

ಅಪ್ಪ


ಗುಬ್ಬಿ
12 ಡಿಸೆಂಬರ್ 2025

ಮಧೂ,

ನಿನ್ನೆ ತಪಾಸಣೆಯ ಮೈದಾನದಲ್ಲಿ ನೀನು ಹೊಂಗೆ ಮರದ ಕೆಳಗೆ ಬೇರೆ ಕಡೆ ಮುಖ ಮಾಡಿಕೊಂಡು ನಿಂತಿದ್ದೆ. ನಾನು ನೋಡಿದೆ. ಸೋಮಶೇಖರ್ ಒಳ್ಳೆಯ ಮನುಷ್ಯ, ಆದರೆ ಒಂದು ಚೂರೂ ದಾಕ್ಷಿಣ್ಯವಿಲ್ಲ. ಹೆಡ್‌ಲೈಟು ಕೆಳಗಿದೆ ಎಂದು ಪಾಷಾನಿಂದ ಅಲ್ಲೇ ಸರಿಮಾಡಿಸಿದರು. ಹ್ಯಾಂಡ್‌ಬ್ರೇಕ್ ಎಳೆದು ಏರಿನಲ್ಲಿ ನಿಲ್ಲಿಸಿದರು. ಕೊನೆಗೆ ತಾವೇ ಹತ್ತಿ ಮೈದಾನದ ಉದ್ದಕ್ಕೂ ಓಡಿಸಿ ಗಪ್ಪನೆ ಬ್ರೇಕ್ ತುಳಿದರು. ವ್ಯಾನು ಗೆರೆಯ ಮೇಲೆ ಹಿಡಿದಿಟ್ಟ ಹಾಗೆ ನಿಂತಿತು. ಸದ್ದೇ ಇಲ್ಲ. ಪಾಷಾ ಚಪ್ಪಾಳೆ ತಟ್ಟಿದ. ನಾನು ಪಾಸಾಯಿತೆಂದು ಖುಷಿಪಡುವ ಬದಲು ಆ ಕಿರ್ರೋ ಸದ್ದಿಗೆ ಕಿವಿಗೊಟ್ಟು ನಿಂತಿದ್ದೆ.

ವ್ಯಾನು ಈಗ ಮನೆಯ ಮುಂದೆ ನಿಂತಿದೆ, ಕಾಗದ ಪತ್ರ ಎಲ್ಲ ಸರಿಯಾಗಿದೆ. ನಿಮ್ಮಮ್ಮನನ್ನು ಇನ್ನೂ ಹತ್ತಿಸಿಲ್ಲ. ನನ್ನಿಂದ ಆಗುತ್ತಿಲ್ಲ. ನಾಲ್ಕು ತಿಂಗಳು ಕಾದಿದ್ದೇನೆ. ಹತ್ತಿಸಿ, ಓಡಿಸಿ, ಅವಳು ಸುಮ್ಮನೇ ಕೂತುಬಿಟ್ಟರೆ ಆಮೇಲೆ ಕಾಯುವುದಕ್ಕೂ ಏನೂ ಇರುವುದಿಲ್ಲ.

ಭಾನುವಾರ ನೀನು ಬಾ. ನೀನೇ ಓಡಿಸು. ನಾನು ಬರುವುದಿಲ್ಲ, ಮನೆಯಲ್ಲಿ ಕೂತಿರುತ್ತೇನೆ. ಅವಳು ಮಾತಾಡಲಿಲ್ಲ ಅಂದರೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೇಳಬೇಡ. ಏನಿದ್ದರೂ ಬರವಣಿಗೆಯಲ್ಲಿ ಕೊಡು.

ನಿನ್ನ ಅಪ್ಪ


ಸಿ.ಎಸ್. ಪುರ, ವ್ಯಾನಿನೊಳಗೆ
14 ಡಿಸೆಂಬರ್ 2025
(ಗುಬ್ಬಿಗೆ ಹೊರಟ ಬಸ್ಸಿನಲ್ಲಿ, ಚನ್ನಬಸವಯ್ಯನವರ ಕೈಯಲ್ಲಿ)

ಅಪ್ಪಾ,

ನೀವು ಕೇಳಿದ ಹಾಗೆ ಬರವಣಿಗೆಯಲ್ಲೇ ಕೊಡುತ್ತಿದ್ದೇನೆ.

ಅಮ್ಮನಿಗೆ ಬೆಲ್ಟ್ ಹಾಕಿ ಹಿಂದಿನ ಹಲಗೆಯ ಮೇಲೆ ಕೂರಿಸಿದೆ. ಕಿಟಕಿಯ ಪರದೆ ಸರಿಸಿದೆ. ನೀವು ಬಾಗಿಲ ಸಂದಿಯಿಂದ ನೋಡುತ್ತಿದ್ದಿರಿ, ಕೈ ಬೀಸಿದೆ, ಹಿಂದಕ್ಕೆ ಸರಿದಿರಿ. ಕೆರೆ ದಾಟಿತು, ಮಾತಿಲ್ಲ. ನೀವು ಹೇಳಿದ ಹಂಪು ಬಂತು. ಬ್ರೇಕ್ ತುಳಿದೆ, ವ್ಯಾನು ಮೆತ್ತಗೆ ನಿಧಾನವಾಯಿತು. ಕಿರ್ರೋ ಇಲ್ಲ, ಏನೂ ಇಲ್ಲ. ಹಿಂದೆ ತಿರುಗಿ ನೋಡಿದೆ. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಅಲ್ಲಿಂದ ಮುಂದೆ ಎಷ್ಟು ಹಂಪು ಬಂದವೋ ಅಷ್ಟು ಸಲವೂ ತುಳಿದೆ, ಬೇಕೆಂದೇ ಗಟ್ಟಿಯಾಗಿ ತುಳಿದೆ. ಅವಳು ಒಂದು ಉಸಿರೂ ಬಿಡಲಿಲ್ಲ. ಬ್ರೇಕ್ ಬ್ರೇಕ್ ಎಂದು ನಿಮ್ಮ ಪ್ರಾಣ ತಿಂದವಳು ನಾನು. ಅವಳ ಮಾತು ಕಿತ್ತುಕೊಂಡವಳೂ ನಾನೇ ಎಂದು ಅಳು ಬಂತು. ಅಳುತ್ತಲೇ ಓಡಿಸಿದೆ.

ಸಿ.ಎಸ್. ಪುರ ಇನ್ನೇನು ಬಂತು ಎನ್ನುವಾಗ ಹೊಲದ ಕಡೆಯಿಂದ ಮೇಕೆ ಹಿಂಡು ರಸ್ತೆಗೆ ನುಗ್ಗಿತು. ಪೂರಾ ತುಳಿದೆ. ವ್ಯಾನು ನಿಂತಲ್ಲೇ ನಿಂತಿತು. ಕಟ್ಟೆಯ ಮೇಲಿದ್ದ ಲೋಟ ಉರುಳಿ ನನ್ನ ಕಾಲ ಬಳಿ ಬಂತು. ಒಂದು ಮೇಕೆ ಬಂಪರ್ ಮೂಸಿ ನೋಡಿಕೊಂಡು ಹೋಯಿತು.

ಹಿಂದಿನಿಂದ ದನಿ ಬಂತು. "ಯಾರದು ಓಡಿಸ್ತಿರೋದು?"

ಸ್ಟೀರಿಂಗ್ ಬಿಟ್ಟು ಹಿಂದಕ್ಕೆ ತಿರುಗಿದೆ.

"ಕಿವಿ ಕೇಳಲ್ವಾ? ಯಾರದು?"

"ನಾನು ಕಣಮ್ಮ. ಮಧು" ಅಂದೆ.

ಕತ್ತು ಚಾಚಿ ನನ್ನನ್ನು ನೋಡಿದಳು. ಆಮೇಲೆ ಅಂದಳು, "ಮಧೂನಾ? ಅದ್ಕೇ ನಿಂತೈತೆ. ನಿಮ್ಮಪ್ಪ ಆಗಿದ್ರೆ ಇಷ್ಟೊತ್ಗೆ ಮಟ್ಟೆ ರಾಶಿಗೆ ನುಗ್ಗಿಸ್ತಿದ್ದ."

ಗಾಡಿಯನ್ನು ಪಕ್ಕಕ್ಕೆ ಹಾಕಿ ಹಿಂದೆ ಹೋಗಿ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವಳು ತೆರೆದಿದ್ದ ಬಾಗಿಲನ್ನು ತೋರಿಸಿ, "ದೂಳು ಬರ್ತೈತೆ, ಮುಚ್ಚು" ಅಂದಳು. ಇಷ್ಟೇ ಆದದ್ದು. ನಾಳೆ ಮಾತಾಡುತ್ತಾಳೋ, ಮನೆಯೊಳಗೆ ಮಾತಾಡುತ್ತಾಳೋ, ನನಗೆ ಗೊತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನೀವು ಫೋನಿನಲ್ಲಿ ಅಳುವುದನ್ನು ಕೇಳಲು ನನಗೆ ಧೈರ್ಯವಿಲ್ಲ.

ಚನ್ನಬಸವಯ್ಯನವರು ಹಾರ್ನ್ ಹೊಡೆಸುತ್ತಿದ್ದಾರೆ. ಏನು ಬರೆಯುತ್ತಿದ್ದೀಯೆ ಎಂದು ಅಮ್ಮ ಕೇಳಿದಳು, ಅಪ್ಪನಿಗೆ ಅಂದೆ. "ಊಟಕ್ಕೆ ಕಾಯ್ಬೇಡ ಅಂತ ಬರಿ. ಇನ್ನೊಂದೂರು ನೋಡ್ಕೊಂಡು ಬರ್ತೀವಿ" ಅನ್ನುತ್ತಿದ್ದಾಳೆ.

ನಿಮ್ಮ
ಮಧು